ಸ್ಲ್ಯಾಬಿನ ಅಡಿಯಲ್ಲಿ ನಿಂತ ಚಳಿಗಾಲ

ಇಲ್ಲಿ ಕುವೈತಿನಲ್ಲಿ ಎಗೈಲಾದ ಮಾಲ್‌ಗೆ ಹೋಗುವ ರಸ್ತೆಯನ್ನು ಮತ್ತೆ ಅಗೆದಿದ್ದಾರೆ. ಮೊನ್ನೆ ಮಗಳಿಗೆ ಶಾಲೆಯ ಬೂಟು ತರಲು ಹೊರಟಾಗ ನಮ್ಮ ಕಾರು ಆ ಹೊಂಡದ ಪಕ್ಕದಲ್ಲೇ ಸಿಗ್ನಲಿಗೆ ನಿಂತಿತು. ಕಿಟಕಿ ಅರ್ಧ ಇಳಿಸಿದ್ದೆ. ಹಲಗೆಗಳಿಗೆ ಬಳಿಯುವ ಶಟರ್ ಎಣ್ಣೆಯ ವಾಸನೆ ಒಳಗೆ ಬಂತು. ಡೀಸೆಲಿನ ಹಾಗೆ, ಆದರೆ ಅದಕ್ಕಿಂತ ಜಿಡ್ಡು. ಒದ್ದೆ ಪ್ಲೈವುಡ್ಡಿನ ಹುಳಿ ವಾಸನೆಯೂ ಅದರಲ್ಲಿ ಸೇರಿರುತ್ತದೆ. ಕಾರು ಓಡಿಸುತ್ತಿದ್ದ ಇವರು ಒಮ್ಮೆ ಹೊಂಡದ ಕಡೆ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು, ಏನೂ ಹೇಳದೆ ನನ್ನ ಕಡೆಯ ಗಾಜನ್ನು ತಾವೇ ಏರಿಸಿದರು.

ಆ ವಾಸನೆಯ ಮೇಲೆ ನನಗೆ ಸಿಟ್ಟಿಲ್ಲ. ಮದುವೆಯಾದಂದಿನಿಂದ ಇವರ ಅಂಗಿಯಲ್ಲಿ ಅದನ್ನೇ ಒಗೆದಿದ್ದೇನೆ. ಆದರೆ ನಾವು ಮಹಬೂಲಾದಲ್ಲಿದ್ದಾಗಿನ ಒಂದು ಚಳಿಗಾಲ ಉಂಟು. ಅದು ನೆನಪಾದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ತಸ್ಬೀಹ್ ಮಣಿ ಹಿಡಿದು ಕೂತರೂ ಇಳಿಯದ ಕೋಪ ಅದು. ಕೋಪ ಒಳ್ಳೆಯದಲ್ಲ ಎಂದು ಮದ್ರಸದಲ್ಲಿ ನನಗೂ ಕಲಿಸಿದ್ದಾರೆ. ಆದರೂ ಕೆಲವು ಕೋಪಗಳನ್ನು ಅಲ್ಲಾಹನೇ ಕಾದಿಟ್ಟುಕೊಳ್ಳಲು ಕೊಟ್ಟಿರುತ್ತಾನೆ ಎಂದು ನನಗೆ ಅನ್ನಿಸುತ್ತದೆ.

ನನ್ನ ಗಂಡ ಹಮೀದ್ ಶಟರಿಂಗ್ ಫೋರ್ಮನ್. ಊರಿನಲ್ಲಿ ಸೆಂಟ್ರಿಂಗ್ ಕೆಲಸ ಅನ್ನುತ್ತಾರಲ್ಲ, ಅದೇ. ಕಾಂಕ್ರೀಟು ಸುರಿಯುವ ಮೊದಲು ಅದಕ್ಕೆ ಹಲಗೆಯ ಅಚ್ಚು ಕಟ್ಟಬೇಕು, ಅಚ್ಚಿನ ಅಡಿಗೆ ಕಬ್ಬಿಣದ ಜಾಕಿಗಳನ್ನು ನಿಲ್ಲಿಸಬೇಕು, ಕಾಂಕ್ರೀಟು ಗಟ್ಟಿಯಾದ ಮೇಲೆ ಎಲ್ಲವನ್ನೂ ಬಿಚ್ಚಬೇಕು. ಕಟ್ಟುವಾಗ ಎಲ್ಲರೂ ಹುಷಾರಾಗಿರುತ್ತಾರೆ, ಆಳು ಸಾಯುವುದು ಬಿಚ್ಚುವಾಗ ಎಂದು ಇವರೇ ಹೇಳುತ್ತಿದ್ದರು. ಕೆಲಸದಲ್ಲಿ ಇವರು ಕಟ್ಟುನಿಟ್ಟು. ಮರಳಿನ ಮೇಲೆ ಬರೀ ಜಾಕಿ ಊರಲು ಬಿಡುವವರಲ್ಲ, ಅಡಿಗೆ ದಪ್ಪ ಹಲಗೆ ಬೇಕೇ ಬೇಕು. ಜಾಕಿಯ ಪಿನ್ನು ಕಳೆದುಹೋದರೆ ಕಬ್ಬಿಣದ ಸರಳಿನ ತುಂಡು ತೂರಿಸಿ ಕೆಲಸ ಸಾಗಿಸುವವರನ್ನು ಅಲ್ಲೇ ನಿಲ್ಲಿಸಿ ಬೈಯುತ್ತಿದ್ದರು. ಬಿಚ್ಚಿದ ಹಲಗೆಯನ್ನು ಎಸೆಯಬಾರದು, ಮೊಳೆ ಕೀಳದೆ ನೆಲಕ್ಕೆ ಹಾಕಬಾರದು. ಮನೆಯಲ್ಲೂ ಹಾಗೆಯೇ. ಪರದೆ ಸಿಕ್ಕಿಸಲು ನಾನು ಸ್ಟೂಲು ಹತ್ತಿದರೆ, ಅದರ ಕಾಲು ಅಲ್ಲಾಡುತ್ತದೋ ಎಂದು ನೋಡದೆ ಬಿಡುತ್ತಿರಲಿಲ್ಲ.

ಇಂಥ ಮನುಷ್ಯ ಎಂತ ಮಾಡುತ್ತಿದ್ದರು ಎಂಬುದನ್ನು ನಾನು ಮೈಕಿನಲ್ಲಿ ಕೇಳಿ ತಿಳಿಯಬೇಕಾಯಿತು.

ಆ ಚಳಿಗಾಲಕ್ಕಿಂತ ಹಿಂದಿನ ಮಳೆಗೆ ಕುವೈತಿನ ರಸ್ತೆಗಳಲ್ಲಿ ಕಾರುಗಳು ತೇಲಿದ್ದವು. ಹಾಗಾಗಿ ಆ ವರ್ಷ ಊರಿಡೀ ರಸ್ತೆ ಅಗೆದು ಅಡಿಯಲ್ಲಿ ಮಳೆನೀರು ಹೋಗಲು ಕಾಂಕ್ರೀಟಿನ ದೊಡ್ಡ ದಾರಿ ಕಟ್ಟುತ್ತಿದ್ದರು. ಇವರ ಕಂಪನಿಗೂ ಒಂದು ರಸ್ತೆ ಸಿಕ್ಕಿತ್ತು. ನೆಲ, ಎರಡು ಗೋಡೆ, ಮೇಲೆ ಸ್ಲ್ಯಾಬು. ಇದಕ್ಕೆ ಬಾಕ್ಸ್ ಅನ್ನುತ್ತಾರೆ. ಒಂದು ಬಾಕ್ಸ್ ಮುಗಿದ ಮೇಲೆ ಅದರ ಒಳಗಿನ ಹಲಗೆ, ಜಾಕಿಗಳನ್ನೆಲ್ಲ ಬಿಚ್ಚಿ ಮುಂದಿನ ಬಾಕ್ಸಿಗೆ ಒಯ್ಯಬೇಕು. ಕಂಪನಿ ತಂದದ್ದು ಒಂದೇ ಸೆಟ್ಟು. ಅದು ಬಿಚ್ಚುವವರೆಗೆ ಮುಂದಿನದು ಕಾಯಬೇಕು, ರಸ್ತೆ ಮುಚ್ಚಿಯೇ ಇರಬೇಕು, ಎಂಜಿನಿಯರಿಗೆ ಮೇಲಿನಿಂದ ಫೋನು ಬರುತ್ತಲೇ ಇರಬೇಕು.

ಆ ಎಂಜಿನಿಯರ್ ನಮ್ಮ ಜಿಲ್ಲೆಯವರೇ. ಅಶ್ರಫ್ ಸಾಹೇಬರು ಎಂದು ಹೆಸರು. ಸಾಲ್ಮಿಯಾದಲ್ಲಿ ಸಮುದ್ರ ಕಾಣುವ ಫ್ಲ್ಯಾಟು. ಅವರ ಹೆಂಡತಿ ರುಖಿಯಾ ನಮ್ಮ ಕನ್ನಡ ಸಂಘದ ಮಹಿಳಾ ವಿಭಾಗದಲ್ಲಿದ್ದಳು. ಸನ್ಮಾನದ ಶಾಲು, ಹಾರ, ಹಣ್ಣಿನ ತಟ್ಟೆಗಳ ಜವಾಬ್ದಾರಿ ಅವಳದು. ನಾನು ಅವಳನ್ನು ಸಮಾರಂಭಗಳಲ್ಲಿ ಮಾತ್ರ ನೋಡಿದವಳು. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಸಾಲ್ಮಿಯಾದ ಜಂಬ ಎಂದು ನಾನು ಲೆಕ್ಕ ಹಾಕಿದ್ದೆ.

ಚಳಿಗಾಲದ ಮೊದಲಲ್ಲಿ ಇವರ ಗುಂಪಿನ ಬಿಲಾಲ್ ಭಾಯಿಯ ಭುಜಕ್ಕೆ ಪೆಟ್ಟಾಯಿತು. ಬಿಹಾರದ ಕಡೆಯ ಮನುಷ್ಯ, ವಯಸ್ಸಾದವನು. ಗೋಡೆಯ ಶಟರನ್ನು, ಅಂದರೆ ಹಲಗೆಯ ಅಚ್ಚನ್ನು, ಕ್ರೇನಿಗೆ ಸಿಕ್ಕಿಸುವ ಮೊದಲೇ ಯಾರೋ ಬೋಲ್ಟು ಬಿಚ್ಚಿದರು, ಶಟರು ವಾಲಿ ಅವನ ಭುಜಕ್ಕೆ ತಾಗಿತು. ತಲೆಗೆ ತಾಗಲಿಲ್ಲ, ಅಲ್ಹಮ್ದುಲಿಲ್ಲಾಹ್. ಅವನು ಆಸ್ಪತ್ರೆಯಿಂದ ಬಂದ ಮೇಲೆ ನಾನು ದಿನಾ ಗಂಜಿ, ಮೀನಿನ ಸಾರು ಕಳಿಸಿದೆ. ಅದಾದ ಮೇಲೆ ಗುಂಪಿನವರು ಸ್ಲ್ಯಾಬಿನ ಅಡಿಗೆ ಹೋಗಲು ಹೆದರುತ್ತಿದ್ದಾರೆ ಎಂದು ಇವರು ಹೇಳಿದ್ದು ನೆನಪುಂಟು. ಆ ಹೆದರಿಕೆಗೆ ಇವರು ಏನು ಮದ್ದು ಮಾಡಿದರು ಎಂದು ಮಾತ್ರ ಹೇಳಲಿಲ್ಲ.

ಕನ್ನಡ ರಾಜ್ಯೋತ್ಸವವನ್ನು ನಮ್ಮವರು ಇಲ್ಲಿ ನವೆಂಬರಿನಲ್ಲೇ ಮಾಡುತ್ತಾರೆ ಎಂದೇನಿಲ್ಲ. ಹಾಲ್ ಯಾವಾಗ ಸಿಗುತ್ತದೋ ಆಗ ರಾಜ್ಯೋತ್ಸವ. ಆ ವರ್ಷ ಚಳಿ ಕಚ್ಚುವ ಹೊತ್ತಿಗೆ ಸಾಲ್ಮಿಯಾದ ಒಂದು ಹೋಟೆಲಿನ ಮೇಲಿನ ಹಾಲ್ ಸಿಕ್ಕಿತು. ಹೆಂಗಸರ ಸಾಲಿನಲ್ಲಿ ನಾನು ಮಗಳು ಶಿಫಾಳ ಜೊತೆ ಕೂತಿದ್ದೆ. ಮಕ್ಕಳ ಕುಣಿತ ಆಯಿತು, ಭಾಷಣ ಆಯಿತು. ಆಮೇಲೆ ಶ್ರಮಜೀವಿಗಳಿಗೆ ಸನ್ಮಾನ ಎಂದರು. ಇವರ ಹೆಸರು ಕರೆದರು. ನನಗೆ ಮೊದಲೇ ಗೊತ್ತಿರಲಿಲ್ಲ, ಎದೆ ಹೂವಾಯಿತು.

ಅಶ್ರಫ್ ಸಾಹೇಬರು ಮೈಕು ಹಿಡಿದರು. "ಈ ಹಮೀದ್ ಉಂಟಲ್ಲ, ಇವರ ಈಮಾನ್, ಇವರ ನಂಬಿಕೆ, ನಮಗೆಲ್ಲ ಪಾಠ," ಎಂದರು. "ಸ್ಲ್ಯಾಬಿನ ಜಾಕಿ ಬಿಚ್ಚುವಾಗ ಕೆಲಸದವರು ಹೆದರಿ ಹಿಂದೆ ನಿಲ್ತಾರೆ. ಆಗ ಇವರು ಎಂತ ಮಾಡ್ತಾರೆ ಗೊತ್ತುಂಟಾ? ಸೀದಾ ನಡುಮಧ್ಯಕ್ಕೆ ಹೋಗಿ, ಸ್ಲ್ಯಾಬಿಗೆ ಅಂಗೈ ಒತ್ತಿ, ಬಿಸ್ಮಿ ಹೇಳಿ ನಿಲ್ತಾರೆ. ಬನ್ನಿ, ನಾನು ಇದ್ದೇನೆ, ಈಗ ಇಳಿಸಿ ಅಂತಾರೆ. ಒಂದೇ ಒಂದು ಸಲ ಸ್ಲ್ಯಾಬು ಅಲ್ಲಾಡಿದ್ದಿಲ್ಲ."

ಹಾಲ್ ತುಂಬ ಚಪ್ಪಾಳೆ. ಇವರಿಗೆ ಮೈಸೂರು ಪೇಟ ಇಟ್ಟರು, ಬಿಳಿಗೆ ಕೆಂಪು ಅಂಚಿನ ಶಾಲು ಹೊದಿಸಿದರು. ಇವರು ಪೇಟದ ಅಡಿಯಲ್ಲಿ ಮದುಮಗನ ಹಾಗೆ ನಾಚಿ ನಿಂತಿದ್ದರು. ಪಕ್ಕದ ಹೆಂಗಸು ನನ್ನ ಮೊಣಕೈ ತಿವಿದು, "ನೀವು ಪುಣ್ಯವಂತೆ ಮಾರಾಯ್ರೆ," ಎಂದಳು. ನನ್ನ ಕೈ ಚಪ್ಪಾಳೆಗೆ ಎದ್ದದ್ದು ಎದೆಯ ಮಟ್ಟದಲ್ಲೇ ನಿಂತಿತ್ತು.

ಮನೆಗೆ ಬರುವ ದಾರಿಯಲ್ಲಿ ಕೇಳಿದೆ, "ಎಷ್ಟು ಸಮಯದಿಂದ ನಡೀತಾ ಉಂಟು ಇದು?"

"ಬಿಲಾಲ್‌ನದ್ದು ಆದ ಮೇಲೆ. ಹೆದರಿದವರನ್ನು ಒಳಗೆ ಕಳಿಸುದು ಹೇಗೆ? ನಾನು ನಿಂತರೆ ಅವರಿಗೆ ಧೈರ್ಯ."

"ಜಾಕಿ ತಿರುಗಿಸುವವರು ಒಳಗೆ ಹೋಗ್ಬೇಕು, ಸರಿ. ನಡುವಿನಲ್ಲಿ ಕೈ ಒತ್ತಿ ನಿಲ್ಲುವವನಿಗೆ ಎಂತ ಕೆಲಸ?"

"ನಿನಗೆ ಗೊತ್ತಾಗುದಿಲ್ಲ. ಗಂಡಸರ ವಿಷಯ."

ಮರುದಿನ ಆ ಶಾಲನ್ನು ಇವರು ಸೈಟಿಗೆ ಒಯ್ದರು. ಹುಡುಗರಿಗೆ ತೋರಿಸಬೇಕಂತೆ. ಸಂಜೆ ನನ್ನ ಫೋನಿಗೆ ಫೋಟೋ ಬಂತು: ಹೆಲ್ಮೆಟ್ಟು, ಮೇಲೆ ಶಾಲು, ಸ್ಲ್ಯಾಬಿಗೆ ಅಂಗೈ ಒತ್ತಿ ನಗುತ್ತಿರುವ ನನ್ನ ಗಂಡ. ಊರಿನಲ್ಲಿ ನನ್ನ ಅತ್ತೆ ಅದನ್ನು ನೆರೆಕರೆಯವರಿಗೆಲ್ಲ ತೋರಿಸಿದರಂತೆ. ಶಾಲು ಮನೆಗೆ ಬರುವಾಗ ಒಂದು ತುದಿಯಲ್ಲಿ, ಭುಜದ ಮೇಲೆ ಬೀಳುವ ಜಾಗದಲ್ಲಿ, ಶಟರ್ ಎಣ್ಣೆಯ ಕಲೆ. ಅಂಗೈಯಷ್ಟು ಅಗಲ. ನಿಂಬೆ ಹಾಕಿ ತಿಕ್ಕಿದೆ, ಬಿಸಿ ನೀರಿನಲ್ಲಿ ನೆನೆಸಿದೆ. ಮಾಸಿತೇ ಹೊರತು ಹೋಗಲಿಲ್ಲ.

ನಾನು ಅಲ್ಲಾಹನನ್ನು ನಂಬಿದವಳು. ಐದು ಹೊತ್ತಿನ ನಮಾಝಿನಲ್ಲಿ ಒಂದು ತಪ್ಪಿದರೂ ನನಗೆ ಅನ್ನ ಇಳಿಯುವುದಿಲ್ಲ. ಆ ನನಗೆ ಆ ದಿನಗಳಲ್ಲಿ ಹೊಟ್ಟೆ ಉರಿದದ್ದು ಇದಕ್ಕೇ. ಜಾಕಿ ನಿಲ್ಲಿಸಬೇಕಾದ ಜಾಗದಲ್ಲಿ ಇವರೆಲ್ಲ ಸೇರಿ ದೇವರ ಹೆಸರನ್ನು ನಿಲ್ಲಿಸಿದ್ದರು. ಕಾಯುವುದಕ್ಕೆ ಬೇಸರ, ಇನ್ನೊಂದು ಸೆಟ್ಟು ತರುವುದಕ್ಕೆ ಮನಸ್ಸಿಲ್ಲ, ಅದಕ್ಕೆ ಒಬ್ಬನ ಈಮಾನ್ ಇದೆಯಲ್ಲ, ಪುಕ್ಕಟೆ. ಅವನಿಗೊಂದು ಶಾಲು ಹೊದಿಸಿದರೆ ಅವನು ಇನ್ನೆಂದೂ ಹಿಂದೆ ಸರಿಯುವುದಿಲ್ಲ. ಇದನ್ನು ಯಾರಾದರೂ ಕೂತು ಯೋಚಿಸಿ ಮಾಡಿದ್ದರೆ ಅವರನ್ನು ಶೈತಾನ ಅನ್ನಬಹುದಿತ್ತು. ಯಾರೂ ಯೋಚಿಸಿರಲಿಲ್ಲ. ಎಲ್ಲರೂ ನಿಜವಾಗಿ ಕಣ್ಣು ಒದ್ದೆ ಮಾಡಿಕೊಂಡು ಚಪ್ಪಾಳೆ ತಟ್ಟಿದ್ದರು. ನನ್ನ ಸಿಟ್ಟು ಯಾರ ಮೇಲೆ ಕೂರಬೇಕು ಎಂದು ತಿಳಿಯದೆ ಮನೆಯಲ್ಲೇ ಸುತ್ತುತ್ತಿತ್ತು. ಶಿಫಾ ಒಂದು ದಿನ ಕೇಳಿಯೇಬಿಟ್ಟಳು, "ಉಮ್ಮಾ, ವೈ ಆರ್ ಯೂ ಆಂಗ್ರಿ ವಿತ್ ದ ಪ್ಲೇಟ್ಸ್?"

ಬಾಕ್ಸಿನ ಕೆಲಸದ ಸುದ್ದಿ ನನಗೆ ಅಡುಗೆಮನೆಯಿಂದಲೇ ತಿಳಿಯುತ್ತಿತ್ತು. ಕಾಂಕ್ರೀಟು ಸುರಿಯುವ ದಿನ ಇವರು ದೊಡ್ಡ ಫ್ಲಾಸ್ಕಿನಲ್ಲಿ ಶುಂಠಿ ಚಹಾ ಕೇಳುತ್ತಿದ್ದರು. ಬಿಚ್ಚುವ ದಿನ ಗುಳಿಯಪ್ಪ. ಕೊನೆಯ ಹಲಗೆ ಬಿಚ್ಚಿ, ಕಾಂಕ್ರೀಟಿನ ಮುಖ ಹೊಳೆಯುವುದನ್ನು ನೋಡಿ, ಗುಂಪಿನವರೆಲ್ಲ ಅಲ್ಲೇ ನಿಂತು ಒಂದೊಂದು ಬೆಲ್ಲದ ಗುಳಿಯಪ್ಪ ಬಾಯಿಗೆ ಹಾಕಿಕೊಳ್ಳುವುದು ಅವರ ಪದ್ಧತಿ. ಬೇಸಿಗೆಯಲ್ಲಿ ಚಹಾಕ್ಕೂ ಗುಳಿಯಪ್ಪಕ್ಕೂ ನಡುವೆ ಹೆಚ್ಚು ಸಮಯ ಇರುತ್ತಿರಲಿಲ್ಲ. ಇಲ್ಲಿನ ಸೆಕೆಗೆ ಕಾಂಕ್ರೀಟು ಬೇಗ ಬಿಗಿಯುತ್ತದೆ. ಆ ಬಿಸಿಲಿನಲ್ಲೇ ಕೆಲಸ ಕಲಿತವರಿಗೆ ಅದೇ ಅಭ್ಯಾಸ. ಚಳಿ ಬಂದರೆ ಅದೇ ಕಾಂಕ್ರೀಟು ನಿಧಾನ, ದಿನಗಟ್ಟಲೆ ಹೆಚ್ಚು ಕಾಯಬೇಕು. ಇದು ಇವರಿಗೂ ಗೊತ್ತು, ಎಂಜಿನಿಯರಿಗೂ ಗೊತ್ತು. ಗೊತ್ತಿದ್ದೂ ಎಲ್ಲರ ಕೈ ಬೇಸಿಗೆಯ ಲೆಕ್ಕದಲ್ಲೇ ಓಡುತ್ತಿತ್ತು.

ಆ ವಾರ ಚಳಿ ಹೇಗಿತ್ತೆಂದರೆ, ದೋಸೆಹಿಟ್ಟು ಎರಡು ದಿನ ಇಟ್ಟರೂ ಉಬ್ಬಲಿಲ್ಲ. ಪಾತ್ರೆಗೆ ಕಂಬಳಿ ಸುತ್ತಿ ಹೀಟರಿನ ಪಕ್ಕ ಇಟ್ಟಿದ್ದೆ. ಹೀಟರು ಕೆಡದೆ ಉರಿಯುತ್ತಿತ್ತು, ಅದೊಂದು ಕರುಣೆ. ಗುರುವಾರ ಸಂಜೆ ಆ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದಾಗ ಇವರು ಒಳಗೆ ಬಂದು, "ಶನಿವಾರಕ್ಕೆ ಗುಳಿಯಪ್ಪ ಬೇಕು," ಎಂದರು.

"ಮೊನ್ನೆಯಲ್ವಾ ಚಹಾ ಒಯ್ದದ್ದು?"

ಅಷ್ಟರಲ್ಲಿ ಇವರಿಗೆ ಅಶ್ರಫ್ ಸಾಹೇಬರ ಫೋನು ಬಂತು. ಬಾಲ್ಕನಿಗೆ ಹೋಗಿ ಮಾತಾಡಿದರು, ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

"ಸರ್, ಚಳಿ ಜೋರುಂಟು. ಇದು ಅಗಲದ ಸ್ಲ್ಯಾಬು ಬೇರೆ. ಕ್ಯೂಬ್ ಟೆಸ್ಟ್ ಆಗ್ಲಿ ಅಂತ." ಆ ಕಡೆಯವರು ಏನೋ ಹೇಳಿದರು. "ಇಲ್ಲ ಸರ್, ಹುಡುಗರು ಒಪ್ಪುದಿಲ್ಲ, ಸದಾನಂದ ಬೆಳಿಗ್ಗೆಯೇ ಆಗುದಿಲ್ಲ ಅಂದಿದ್ದಾನೆ." ಆಮೇಲೆ ಇವರ ಸ್ವರ ಇಳಿಯಿತು. "ಆಯ್ತು ಸರ್. ನಾನು ನಿಲ್ತೇನೆ."

ನಾನು ನಿಲ್ತೇನೆ. ಟೆಸ್ಟ್ ಎಲ್ಲಿ ಎಂದು ಕೇಳುವ ಜಾಗಕ್ಕೆ ಈ ಎರಡು ಶಬ್ದ ಬಂದು ಕೂತಿತ್ತು. ಸುರಿದ ಕಾಂಕ್ರೀಟಿನಿಂದಲೇ ಸಣ್ಣ ಚೌಕದ ತುಂಡುಗಳನ್ನು ಮಾಡಿಟ್ಟು, ಮಶೀನಿನಲ್ಲಿ ಒತ್ತಿ ಒಡೆದು, ತಾಕತ್ತು ಬಂದಿದೆಯೋ ನೋಡುವುದೇ ಆ ಟೆಸ್ಟ್. ತುಂಡನ್ನು ಒಡೆಯುವ ಬದಲು ಕಂಪನಿಯವರು ನನ್ನ ಗಂಡನನ್ನು ಇಟ್ಟು ನೋಡುತ್ತಿದ್ದರು.

ನಾನು ಬಾಲ್ಕನಿಯ ಬಾಗಿಲಲ್ಲೇ ನಿಂತಿದ್ದೆ. "ನೀವು ನಿಲ್ಲುದು ಬೇಡ."

"ಶಾಲು ಹೊದಿಸಿದ್ದಾರೆ ನನಗೆ, ಎಲ್ಲರ ಎದುರು. ಈಗ ಆಗುದಿಲ್ಲ ಅಂದ್ರೆ ಜನ ಎಂತ ಹೇಳ್ತಾರೆ? ಬಿಸ್ಮಿ ಹೇಳಿ ನಿಲ್ಲುವವನಿಗೆ ಎಂತ ಹೆದರಿಕೆ?"

"ಬಿಸ್ಮಿಯನ್ನು ಹೊರಗೆ ನಿಂತು ಹೇಳಿದ್ರೆ ಅಲ್ಲಾಹನಿಗೆ ಕೇಳುದಿಲ್ವಾ?"

ಇವರು ಚಪ್ಪಲಿ ಮೆಟ್ಟಿಕೊಂಡು ಮಸೀದಿಗೆ ಹೋದರು. ನಾನು ಅಡುಗೆಮನೆಗೆ ಹೋಗಿ, ಸ್ಟೂಲು ಹತ್ತಿ, ಬೆಲ್ಲದ ಡಬ್ಬಿಯನ್ನು ಮೇಲಿನ ಕಪಾಟಿಗೆ ಎತ್ತಿಟ್ಟೆ.

ಶುಕ್ರವಾರ ಜುಮಾ ಮುಗಿಸಿ ಉಂಡು ಇವರು ಮಲಗಿದರು. ನಾನು ಅಬಾಯಾ ಹಾಕಿ, ಶಾಲನ್ನು ಮಡಚಿ ಚೀಲಕ್ಕೆ ಹಾಕಿ, ಶಿಫಾಳ ಕೈ ಹಿಡಿದು ಇಳಿದೆ. ಅವಳಿಗೆ ಮಾಲಿಗೆ ಹೋಗುತ್ತಿದ್ದೇವೆ ಎಂದು ಸಂತೋಷ. ಟ್ಯಾಕ್ಸಿ ಕೂಡಲೇ ಸಿಕ್ಕಿತು, ಡ್ರೈವರ್ ಹೆಚ್ಚು ಮಾತಿನವನಲ್ಲ, ಅವೂ ಕರುಣೆಗಳೇ. ಸಾಲ್ಮಿಯಾ ಬರುವವರೆಗೆ ಕುರ್‌ಆನಿನ ಆಯತುಲ್ ಕುರ್ಸಿ ಓದಿದೆ, ಆದರೆ ನಿಜ ಹೇಳುತ್ತೇನೆ, ಮನಸ್ಸು ಆಯತಿನಲ್ಲಿರಲಿಲ್ಲ. ಬಾಗಿಲು ತೆರೆದ ಕೂಡಲೇ ಎಂತ ಹೇಳಬೇಕು ಎಂದು ಜೋಡಿಸುತ್ತಿತ್ತು.

ಬಾಗಿಲು ತೆರೆದದ್ದು ರುಖಿಯಾ. ಕೈಯಲ್ಲಿ ಹಿಟ್ಟು ಮೆತ್ತಿತ್ತು. ಏನು ಎತ್ತ ಎಂದು ಕೇಳದೆ ಒಳಗೆ ಕರೆದು ಕೂರಿಸಿದಳು. ಅಶ್ರಫ್ ಸಾಹೇಬರು ಬಿರಿಯಾನಿ ಉಂಡ ನಿದ್ದೆಯಿಂದ ಎದ್ದು ಬಂದರು.

"ಹಮೀದ್ ಕಳಿಸಿದ್ದಾ?"

"ಅವರಿಗೆ ಗೊತ್ತೇ ಇಲ್ಲ." ನಾನು ಶಾಲನ್ನು ತೆಗೆದು ಟೀಪಾಯಿಯ ಮೇಲಿಟ್ಟೆ. "ಇದನ್ನು ವಾಪಸು ಕೊಟ್ಟು ಹೋಗುವ ಅಂತ ಬಂದೆ."

"ಸನ್ಮಾನದ ಶಾಲನ್ನು ಯಾರಾದ್ರೂ ವಾಪಸು ಕೊಡ್ತಾರಾ?" ನಕ್ಕರು.

"ನಾಳೆ ಅಡಿಯಲ್ಲಿ ಯಾರು ನಿಲ್ತಾರೋ ಅವರಿಗೆ ಇದು. ನೀವೇ ಹೊದ್ದು ನಿಲ್ಲಿ. ನಮ್ಮವರು ಹೊರಗೆ ನಿಂತು ಜಾಕಿ ಇಳಿಸಲಿಕ್ಕೆ ಹೇಳ್ತಾರೆ."

ನಗು ನಿಂತಿತು. "ನೋಡಿ, ಇದು ಟೆಕ್ನಿಕಲ್ ವಿಷಯ. ನಿಮಗೆ ಅರ್ಥ ಆಗುದಿಲ್ಲ."

"ಆಗುದಿಲ್ಲ, ಅದಕ್ಕೇ ಕೇಳುದು. ಸ್ಲ್ಯಾಬು ಗಟ್ಟಿಯಾಗಿದ್ರೆ ನಡುವಿನಲ್ಲಿ ಒಬ್ಬ ನಿಲ್ಲುದು ಎಂತಕ್ಕೆ? ಗಟ್ಟಿಯಾಗದಿದ್ರೆ ಒಬ್ಬ ನಿಲ್ಲುದು ಎಂತಕ್ಕೆ?"

ಅವರು ರುಖಿಯಾಳ ಕಡೆ ನೋಡಿದರು. ಅವಳು ಶಿಫಾಳಿಗೆ ಬಿಸ್ಕತ್ತಿನ ತಟ್ಟೆ ಕೊಡುತ್ತಿದ್ದಳು.

"ಹಯಾತ್ತು, ಆಯುಸ್ಸು ಎಲ್ಲ ಅಲ್ಲಾಹನ ಕೈಯಲ್ಲಿ ಉಂಟಮ್ಮ," ಎಂದರು, ಪ್ರವಚನದ ಸ್ವರದಲ್ಲಿ.

"ಹಯಾತ್ತು ಅಲ್ಲಾಹನ ಕೈಯಲ್ಲೇ ಉಂಟು. ಜಾಕಿ ನಿಮ್ಮ ಕೈಯಲ್ಲಿ ಉಂಟು. ಅವನ ಕೆಲಸ ಅವನು ಮಾಡ್ತಾನೆ, ನಿಮ್ಮದನ್ನು ನೀವು ಮಾಡಿ."

ನನಗೆ ಹೆದರಿಕೆ ಇರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಇಲ್ಲಿ ಇರಲು ಬೇಕಾದ ಇಕಾಮಾ ಪರವಾನಗಿ ಅವರ ಕಂಪನಿಯದ್ದು. ಖಲಾಸ್ ಎಂದು ಒಂದು ಮಾತು ಹೇಳಿದರೆ ನಾವು ಮೂವರೂ ಊರಿಗೆ ಹೋಗಬೇಕು. ಸಾಹೇಬರು ಅದನ್ನೇ ಬೇರೆ ಮಾತಿನಲ್ಲಿ ಹೇಳಿದರು: "ಇದರಿಂದ ಹಮೀದ್‌ಗೇ ತೊಂದರೆ. ಯೋಚನೆ ಮಾಡಿ ಮಾತಾಡಿ."

"ಯೋಚನೆ ಮಾಡಿಯೇ ಬಂದದ್ದು. ತೊಂದರೆ ಆದ ಹಮೀದೇ ಆಗ್ಲಿ, ಮನೆಗೆ ಬರ್ಲಿ. ಅಷ್ಟೇ."

ಆಗ ರುಖಿಯಾ ಎದ್ದು ಬಂದು ಟೀಪಾಯಿಯ ಮೇಲಿನ ಶಾಲನ್ನು ತೆಗೆದುಕೊಂಡಳು. ಬಿಡಿಸಿ ನೋಡಿದಳು, ಕಲೆಯ ಮೇಲೆ ಒಮ್ಮೆ ಬೆರಳಾಡಿಸಿದಳು, ಹೊಸದಾಗಿ ಮಡಚಿ ಒಳಗೆ ಒಯ್ದಳು. ನನ್ನ ಮುಖ ನೋಡಲಿಲ್ಲ, ಗಂಡನ ಮುಖವನ್ನೂ ನೋಡಲಿಲ್ಲ. ದೊಡ್ಡವರ ಮನೆಯಲ್ಲಿ ಕಸ ಎತ್ತುವುದು ಹೀಗೆಯೇ ಇರಬೇಕು ಎಂದು ನನಗನ್ನಿಸಿತು. ಲಿಫ್ಟಿನಲ್ಲಿ ಇಳಿಯುವಾಗ ಅವಳ ಮೇಲೂ ಸಿಟ್ಟು ಬಂತು. ಒಂದು ಹೆಣ್ಣಾಗಿ ಒಂದು ಮಾತು ಆಡಬಾರದಿತ್ತಾ?

ಸಂಜೆ ಇವರಿಗೆ ಫೋನು ಬಂತು. ನಾಳೆ ಬಿಚ್ಚುವುದು ಬೇಡ, ಕ್ಯೂಬ್ ನೋಡಿ ಹೇಳುತ್ತೇನೆ ಎಂದರಂತೆ. ಅದರ ಹಿಂದೆಯೇ, ಹೆಂಡತಿಯನ್ನು ಹದ್ದುಬಸ್ತಿನಲ್ಲಿ ಇಟ್ಟುಕೊ ಎಂದೂ ಹೇಳಿದರಂತೆ. ಫೋನು ಇಟ್ಟು ಇವರು ಅಡುಗೆಮನೆಗೆ ಬಂದರು. ಇಷ್ಟು ವರ್ಷದಲ್ಲಿ ನನ್ನ ಮೇಲೆ ಸ್ವರ ಎತ್ತಿದವರಲ್ಲ, ಅವತ್ತು ಎತ್ತಿದರು.

"ನನ್ನ ಮುಖಕ್ಕೆ ಮಸಿ ಬಳಿದೆ. ಹೆಂಗಸನ್ನು ಮುಂದೆ ಮಾಡಿ ತಪ್ಪಿಸಿಕೊಂಡ ಅಂತ ಹೇಳ್ತಾರೆ ಇನ್ನು."

"ಹೇಳ್ಲಿ. ಹೇಳುದನ್ನು ಕೇಳಲಿಕ್ಕೆ ನೀವು ಇರ್ತೀರಲ್ಲ."

ಆಮೇಲೆ ಬಹಳ ದಿನ ನಮ್ಮ ನಡುವೆ ಮಾತಿಲ್ಲ. ಚಹಾ ಬೇಕಾದರೆ ಶಿಫಾಳ ಮೂಲಕ ಕೇಳುತ್ತಿದ್ದರು. ಅವಳು ಇಬ್ಬರ ಮಾತನ್ನೂ ಇಂಗ್ಲಿಷಿಗೆ ತಿರುಗಿಸಿ ದಾಟಿಸುತ್ತಿದ್ದಳು. ಊಟ ಮಾತ್ರ ಬಿಡಲಿಲ್ಲ. ಬಡಿಸಿದ್ದನ್ನು ಸುಮ್ಮನೆ ಉಣ್ಣುತ್ತಿದ್ದರು, ಅದೂ ಒಂದು ಕರುಣೆ ಎಂದು ನಾನು ಎಣಿಸಿಕೊಂಡೆ. ಮಾತು ನಮ್ಮ ಬಾಗಿಲಾಚೆ ಹೋಗಿತ್ತು. ಕುರ್‌ಆನ್ ಕ್ಲಾಸಿನಲ್ಲಿ ಒಬ್ಬಳು ನನ್ನ ಪಕ್ಕ ಕೂತು, "ಅಲ್ಲಾಹನ ಮೇಲೆ ನಮ್ಮ ತವಕ್ಕುಲ್, ಭರವಸೆ, ಗಟ್ಟಿ ಇರ್ಬೇಕು ಅಲ್ವಾ, ಗಂಡಸರು ಅಷ್ಟು ಗಟ್ಟಿ ಇರುವಾಗ," ಎಂದಳು. ನಾನು ಅವಳಿಗೆ, "ನಿಮ್ಮ ಫ್ಲ್ಯಾಟಿನ ಬಾಗಿಲಿಗೆ ಚಿಲಕ ಉಂಟಾ?" ಎಂದು ಕೇಳಿದೆ. ಉಂಟು ಎಂದಳು. "ಹಾಗಾದ್ರೆ ನಾವಿಬ್ಬರೂ ಒಂದೇ," ಎಂದೆ. ಅತ್ತೆ ಊರಿನಿಂದ ಫೋನು ಮಾಡಿ ಆ ಫೋಟೋ ಇನ್ನೂ ಗೋಡೆಗೆ ಹಾಕಿಸಬೇಕೋ ಬೇಡವೋ ಎಂದು ಕೇಳಿದರು. ಅವರಿಗೆ ಮಾತ್ರ ನಾನು ಎದುರು ಮಾತಾಡಲಿಲ್ಲ. ಮಗ ಬದುಕಿರುವ ಫೋಟೋ, ಹಾಕಿಸಿ ಎಂದೆ.

ಒಂದು ಶುಕ್ರವಾರ ಸದಾನಂದ ಬಂದ. ಬಂಟ್ವಾಳದ ಕಡೆಯವನು, ಇವರ ಗುಂಪಿನಲ್ಲಿ ಎಲ್ಲರಿಗಿಂತ ನಾಲಿಗೆ ಉದ್ದ. ಬಿಲಾಲ್ ಭಾಯಿಗೆ ಕಳಿಸಿದ್ದ ಪಾತ್ರೆಗಳನ್ನು ವಾಪಸು ತಂದಿದ್ದ. ಇವರು ನಮಾಝಿಗೆ ಹೋಗಿದ್ದರು.

"ಅಕ್ಕ, ಹಮೀದಾಕ ಹೇಳಿರ್ಲಿಕ್ಕಿಲ್ಲ ನಿಮಗೆ. ಆ ಕ್ಯೂಬನ್ನು ಒತ್ತಿ ನೋಡಿದ್ರಲ್ಲ, ಬಿಸ್ಕತ್ತಿನ ಹಾಗೆ ಹೋಯ್ತಂತೆ. ಲ್ಯಾಬಿನವ ಯಾರು ಮಾರಾಯ ಇದನ್ನು ಬಿಚ್ಚಲಿಕ್ಕೆ ಹೊರಟದ್ದು ಅಂತ ನಗಾಡಿದನಂತೆ. ಈಗ ಸಾಹೇಬ್ರು ಜಾಕಿಯ ಹತ್ತಿರ ಯಾರನ್ನೂ ಬಿಡುದಿಲ್ಲ, ಕೆಂಪು ಪಟ್ಟಿ ಕಟ್ಟಿಸಿದ್ದಾರೆ."

ಅವನು ನಗುತ್ತಲೇ ಹೇಳಿದ. ಅಲ್ಲಾಹನಿಗೆ ಶುಕ್ರ್ ಹೇಳಬೇಕಾದ ಹೊತ್ತಿನಲ್ಲಿ ನನಗೆ ಮೊದಲು ಬಂದದ್ದು ಹಿಂದಿನ ಬಾಕ್ಸುಗಳ ನೆನಪು. ಅವುಗಳ ಕ್ಯೂಬನ್ನು ಯಾರು ಒಡೆದು ನೋಡಿದ್ದರು? ಅವುಗಳ ಅಡಿಯಲ್ಲೂ ಇವರು ಅಂಗೈ ಒತ್ತಿ ನಿಂತಿದ್ದರಲ್ಲ? ನಾನು ಆ ದಿನಗಳಲ್ಲಿ ಮನೆಯಲ್ಲಿ ಗುಳಿಯಪ್ಪಕ್ಕೆ ಏಲಕ್ಕಿ ಕುಟ್ಟುತ್ತಿದ್ದೆ. ಆಪತ್ತು ತಪ್ಪಿದ್ದು ಗೊತ್ತಾಗುವುದಕ್ಕಿಂತ, ಗೊತ್ತೇ ಆಗದೆ ಎಷ್ಟು ಸಲ ತಪ್ಪಿತ್ತು ಎಂಬುದು ಹೆಚ್ಚು ಉರಿಸುತ್ತದೆ. ಅಲ್ಲಾಹನ ಕರುಣೆಯನ್ನು ಎಣಿಸುವವಳು ನಾನು. ಆದರೆ ಅವನ ಕರುಣೆಯನ್ನು ಹೀಗೆ ದುಂದು ಮಾಡುವ ಹಕ್ಕು ಇವರಿಗೆಲ್ಲ ಯಾರು ಕೊಟ್ಟರು?

ಚಳಿ ಮುರಿದು, ಸಮುದ್ರದ ಗಾಳಿಗೆ ಸ್ವಲ್ಪ ಬೆಚ್ಚನೆ ಸೇರಿದ ಮೇಲೆ ಒಂದು ಸಂಜೆ ಇವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಶಿಫಾಳನ್ನು ಕರೆಯಲಿಲ್ಲ.

"ನಾಳೆ ಬಿಚ್ಚುದು. ಟೆಸ್ಟ್ ಪಾಸಾಯ್ತು."

ನಾನು ಪಾತ್ರೆ ತೊಳೆಯುತ್ತಲೇ ಕೇಳಿದೆ, "ಒಳಗೆ ಯಾರು?"

"ಇಬ್ಬರು. ಜಾಕಿ ತಿರುಗಿಸುವವರು ಮಾತ್ರ. ನಡುವಿನಿಂದ ಶುರು, ಸ್ವಲ್ಪ ಸ್ವಲ್ಪ ಸಡಿಲ ಮಾಡುದು, ಒಂದು ಸಾಲು ಜಾಕಿ ಹಾಗೆಯೇ ಬಿಡುದು. ಅವರ ಬೆನ್ನ ಹಿಂದೆ ದಾರಿ ಖಾಲಿ."

"ನೀವು?"

"ಬಾಕ್ಸಿನ ಬಾಯಿಯಲ್ಲಿ. ಹೊರಗೆ."

ನಾನು ಕೈ ಒರೆಸಿಕೊಂಡು ಮೇಲಿನ ಕಪಾಟಿಗೆ ಕೈ ಚಾಚಿದೆ. ಎಟುಕಲಿಲ್ಲ. ಇವರೇ ಬಂದು ಬೆಲ್ಲದ ಡಬ್ಬಿ ಇಳಿಸಿ ಕೊಟ್ಟರು.

ಮರುದಿನ ಸಂಜೆ ಖಾಲಿ ಡಬ್ಬಿ ತಂದು ಟೇಬಲ್ಲಿನ ಮೇಲಿಟ್ಟು, ಬೂಟು ಕಳಚುತ್ತಾ ನೆಲ ನೋಡಿಕೊಂಡೇ, "ಹೊರಗೆ ನಿಂತೇ ಹೇಳಿದೆ ಬಿಸ್ಮಿ," ಎಂದರು. "ಕೇಳಿರ್ಬೇಕು. ಎಲ್ಲ ಚಂದ ಬಂತು."

ಅಲ್ಲಿಗೆ ನಮ್ಮ ಮನೆಯ ಜಗಳ ಮುಗಿಯಿತು. ನನ್ನ ಸಿಟ್ಟು ಮುಗಿಯಲಿಲ್ಲ. ಏಕೆಂದರೆ ರಂಝಾನ್ ಕಳೆದು, ಸಂಘದವರ ಈದ್ ಸಮ್ಮಿಲನ ಬಂತು. ಅದೇ ಸಾಲ್ಮಿಯಾ, ಅದೇ ಹಾಲ್. ನನಗೆ ಹೋಗಲು ಮನಸ್ಸಿರಲಿಲ್ಲ, ಶಿಫಾಳ ಹಾಡು ಇದ್ದುದರಿಂದ ಹೋದೆ. ಹೆಂಗಸರ ಸಾಲಿನಲ್ಲಿ ಯಾರ ಪಕ್ಕ ಕೂರುವುದು ಎಂದು ನೋಡುತ್ತಿದ್ದಾಗ ರುಖಿಯಾ ತನ್ನ ಪಕ್ಕದ ಕುರ್ಚಿಯಿಂದ ಪರ್ಸು ತೆಗೆದು ಜಾಗ ಮಾಡಿದಳು. ಬೇರೆ ಕುರ್ಚಿ ಖಾಲಿ ಇರಲಿಲ್ಲ. ಕೂತೆ.

ಹಾಡು ಆಯಿತು, ಬಹುಮಾನ ಆಯಿತು. ಆಮೇಲೆ ವೇದಿಕೆಯಿಂದ ಕರೆದರು: ಒಂದೂ ಪ್ರಾಣಾಪಾಯವಿಲ್ಲದೆ ರಸ್ತೆ ಕಾಮಗಾರಿ ಮುಗಿಸಿದ, ಕಾರ್ಮಿಕರ ಸುರಕ್ಷತೆಯನ್ನು ಕಣ್ಣಿನ ರೆಪ್ಪೆಯಂತೆ ಕಾಯ್ದ ಎಂಜಿನಿಯರ್ ಅಶ್ರಫ್ ಸಾಹೇಬರಿಗೆ ಸನ್ಮಾನ.

ನನ್ನ ಕಿವಿಯಲ್ಲಿ ರಕ್ತ ಬಡಿಯತೊಡಗಿತು. ಗಂಡಸರ ಸಾಲಿನಲ್ಲಿ ಇವರು ಚಪ್ಪಾಳೆ ತಟ್ಟುವುದು ಕಾಣುತ್ತಿತ್ತು. ಅವರ ಪಕ್ಕದಲ್ಲಿ ಬಿಲಾಲ್ ಭಾಯಿ ಕೂತಿದ್ದ. ಎತ್ತಲಾಗದ ಭುಜದ ಕಾರಣಕ್ಕೆ ಒಂದು ಕೈಯನ್ನು ಮಡಿಲಲ್ಲೇ ಇಟ್ಟು ನೋಡುತ್ತಿದ್ದ. ಸಾಹೇಬರು ಮೈಕಿನಲ್ಲಿ, ಕೆಲಸ ಒಂದು ದಿನ ತಡವಾದರೂ ಪರವಾಗಿಲ್ಲ, ಜೀವ ಮೊದಲು, ಇದು ನನ್ನ ಸಿದ್ಧಾಂತ ಎಂದರು. ಅಲ್ಲಿಂದ ಎದ್ದುಹೋಗೋಣವೆಂದು ಚೀಲ ಎತ್ತಿಕೊಂಡೆ. ರುಖಿಯಾ ನನ್ನ ಮಣಿಕಟ್ಟು ಹಿಡಿದಳು.

"ಕೂತ್ಕೊಳ್ಳಿ. ಶಾಲು ಹೊದಿಸ್ಲಿ."

ಅಧ್ಯಕ್ಷರು ತಟ್ಟೆಯಿಂದ ಶಾಲು ಎತ್ತಿ, ಕೊಡವಿ, ಸಾಹೇಬರ ಭುಜಕ್ಕೆ ಹೊದಿಸಿದರು. ಬಿಳಿಗೆ ಕೆಂಪು ಅಂಚು. ಫೋಟೋದವನು ಈ ಕಡೆ ತಿರುಗಿ ಎಂದ. ಸಾಹೇಬರು ತಿರುಗಿದರು. ಅವರ ಬಲ ಭುಜದ ಮೇಲೆ, ಅಂಗೈಯಷ್ಟು ಅಗಲದ ಮಾಸಲು ಕಲೆ. ನಿಂಬೆ ಹಾಕಿ ತಿಕ್ಕಿದರೂ ಹೋಗದ್ದು.

ನಾನು ರುಖಿಯಾಳ ಕಡೆ ತಿರುಗಿದೆ. ಅವಳು ವೇದಿಕೆಯನ್ನೇ ನೋಡುತ್ತಿದ್ದಳು.

"ನೀವೇ ಹೇಳಿದ್ದಲ್ವಾ," ಎಂದಳು, ತುಟಿ ಅಲ್ಲಾಡಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ. "ಅವರೇ ಹೊದ್ಕೊಳ್ಲಿ ಅಂತ."

ಅವಳು ನನ್ನ ಮಣಿಕಟ್ಟು ಇನ್ನೂ ಬಿಟ್ಟಿರಲಿಲ್ಲ. ಹಾಲ್ ಎಲ್ಲ ಚಪ್ಪಾಳೆ ತಟ್ಟುತ್ತಿತ್ತು. ನಾನೂ ತಟ್ಟಿದೆ, ಉಳಿದ ಒಂದು ಕೈಯಿಂದ, ತೊಡೆಗೆ.